ಪ್ಲಾಟಸ್ (ಕ್ರಿ.ಪೂ. ಸು. 254–184)

ರೋಮಿನ ಹಾಸ್ಯ ನಾಟಕಕಾರ. ಇಟಲಿಯ ಅಂಬ್ರಿಯಾ ಪ್ರಾಂತದ ಸಾರ್ಸಿನಾದವನೆಂದು ಪ್ರತೀತಿ. ಗ್ರೀಕ್ ಹಾಸ್ಯನಾಟಕಗಳ ಕಥೆಯನ್ನು ಎತ್ತಿಕೊಂಡು, ಅದಕ್ಕೆ ಲ್ಯಾಟಿನ್ ಆಡುಮಾತು, ಹಾಡು, ಪೋಲಿ ಮಾತು ಬೆರೆಸಿ ರೋಮನ್ನರನ್ನು ನಗಿಸಿದ. ಅವನ 20 ನಾಟಕಗಳು ಉಳಿದುಬಂದಿವೆ. ಧಣಿಯನ್ನೇ ಕುಣಿಸುವ ಜಾಣ ಗುಲಾಮ, ಬಡಾಯಿ ಸಿಪಾಯಿ, ಜಿಪುಣ ಮುದುಕ ಇವನ ಕಾಯಂ ಪಾತ್ರಗಳು. ಫ್ರೆಂಚ್ ನಾಟಕಕಾರ ಮೊಲಿಯೇರನ ಜಿಪುಣ ಈ ಮುದುಕನ ವಂಶದವನೇ.

ಅವಳಿಗಳನ್ನು ಅದಲುಬದಲು ತಿಳಿಯುವ ‘ಮೆನೈಕ್ಮಿ’ಯ ಪ್ರಭಾವ ಎಲ್ಲಕ್ಕಿಂತ ದೊಡ್ಡದು. ಷೇಕ್ಸ್‌ಪಿಯರ್ ಅದಕ್ಕೆ ಅವಳಿ ಆಳುಗಳನ್ನೂ ಸೇರಿಸಿ ‘ಕಾಮಿಡಿ ಆಫ್ ಎರರ್ಸ್’ ಬರೆದ. ಆಳುಗಳ ಉಪಾಯವೂ ಪ್ಲಾಟಸನ ‘ಆಂಫಿಟ್ರುವೊ’ದಿಂದ ತಂದದ್ದೇ! ಧಾರವಾಡದ ಚನ್ನಬಸಪ್ಪನವರು 1871ರಲ್ಲಿ ‘ಕಾಮಿಡಿ ಆಫ್ ಎರರ್ಸ್’ ಅನ್ನು ಕನ್ನಡದಲ್ಲಿ ‘ನಗದವರನ್ನು ನಗಿಸುವ ಕಥೆ’ಯಾಗಿಸಿದರು. ಬಿ. ವೆಂಕಟಾಚಾರ್ಯರ ‘ಭ್ರಾಂತಿವಿಲಾಸ’ ವಿದ್ಯಾಸಾಗರರ ಬಂಗಾಳಿ ರೂಪದ ಮೂಲಕ ಬಂತು. 1997ರಲ್ಲಿ ಎನ್.ಎಸ್. ಶಂಕರ್ ನಿರ್ದೇಶನದ ‘ಉಲ್ಟಾ ಪಲ್ಟಾ’ ಚಿತ್ರ ಅದೇ ಗೊಂದಲವನ್ನು ತೆರೆಗೆ ತಂದಿತು.

ಕೋಲಾರ ಸೀಮೆಗೂ ಈ ನಂಟು ತಲುಪಿದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡಿಸಿದ ‘ದ್ವಾದಶ ರಾತ್ರಿ’ಯ ಮೂಲ ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’. 1602ರಲ್ಲಿ ಆ ನಾಟಕ ನೋಡಿದ ಲಂಡನ್ನಿನ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್, ಅದು ‘ಮೆನೈಕ್ಮಿ’ಯನ್ನು ಹೋಲುತ್ತದೆಂದು ದಿನಚರಿಯಲ್ಲಿ ಬರೆದಿಟ್ಟ.