ಬಾಳೆ ವ್ಯಾಜ್ಯದಲ್ಲಿ ಬೆಳೆಗಾರನ ಜಾಗ: ವಿಂಡ್‌ವರ್ಡ್ ದ್ವೀಪಗಳ ಅನುಭವ

ಪೂರ್ವ ಕೆರಿಬಿಯನ್‌ನ ಸೇಂಟ್ ಲೂಸಿಯಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್, ಗ್ರೆನಡಾ ದ್ವೀಪಗಳಲ್ಲಿ ಬಾಳೆ ಹೆಚ್ಚಾಗಿ ಸಣ್ಣ ಹಿಡುವಳಿದಾರರ ಬೆಳೆ. ಕಡಿದಾದ ಗುಡ್ಡದ ಇಳಿಜಾರಿನಲ್ಲಿ, ಬಹುತೇಕ ಐದು ಎಕರೆಗೂ ಕಡಿಮೆ ನೆಲದಲ್ಲಿ ಮನೆಮಂದಿಯೇ ಗೊನೆ ಕಡಿದು, ಚಿಪ್ಪು ಬಿಡಿಸಿ, ಕಾಯಿಗೆ ಉಜ್ಜಿದ ಕಲೆ ಬೀಳದಂತೆ ರಟ್ಟಿನ ಪೆಟ್ಟಿಗೆಗೆ ಜೋಡಿಸಿ ಬ್ರಿಟನ್ನಿನ ಹಡಗಿಗೆ ಕಳಿಸುತ್ತಿದ್ದರು. ಬಾಳೆ ನೆಟ್ಟವರಿಗೆಲ್ಲ ಇದರ ಬೆಲೆ ಗೊತ್ತು: ವರ್ಷವಿಡೀ ಕೊಯ್ಲು, ಆಗಾಗ ಕೈಗೆ ಕಾಸು. ಚಂಡಮಾರುತಕ್ಕೆ ತೋಟ ನೆಲಕಚ್ಚಿದರೂ ಬುಡದ ಕಂದು ಒಂದು ವರ್ಷದೊಳಗೆ ಮತ್ತೆ ಗೊನೆ ಬಿಡುತ್ತದೆ.

1993ರ ಜುಲೈನಲ್ಲಿ ಯುರೋಪು ತನ್ನ ಬಾಳೆ ಮಾರುಕಟ್ಟೆಯನ್ನು ಒಂದುಗೂಡಿಸಿತು. ಹಳೆಯ ವಸಾಹತುಗಳ ಹಣ್ಣಿಗೆ ಸುಂಕವಿಲ್ಲ. ಲ್ಯಾಟಿನ್ ಅಮೆರಿಕದ ಹಣ್ಣಿಗೆ ಕೋಟಾ, ಸುಂಕ, ಲೈಸೆನ್ಸು. 1996ರಲ್ಲಿ ಎಕ್ವಡಾರ್, ಗ್ವಾಟೆಮಾಲಾ, ಹೊಂಡುರಾಸ್, ಮೆಕ್ಸಿಕೊ ಮತ್ತು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಅಮೆರಿಕದಿಂದ ರಫ್ತಾಗುವ ಬಾಳೆ ಇಲ್ಲವೆನ್ನುವಷ್ಟು ಕಡಿಮೆ. ಬಾಳೆ ಸಾಗಿಸಿ ಮಾರುವ ಕಂಪನಿಗಳು ಅದರವು. ಆದರೂ ದೂರು ಕೊಡುವ ಹಕ್ಕು ಅದಕ್ಕಿದೆ ಎಂದು 1997ರಲ್ಲಿ ತೀರ್ಮಾನವಾಯಿತು. ಅದೇ ವ್ಯಾಜ್ಯದ ಮೊದಲ ಹಂತದಲ್ಲಿ ಸೇಂಟ್ ಲೂಸಿಯಾ ಕರೆತಂದ ವಕೀಲರನ್ನು, ಸರ್ಕಾರಿ ನೌಕರರಲ್ಲವೆಂಬ ಕಾರಣಕ್ಕೆ ವಿಚಾರಣೆಯಿಂದ ಹೊರಗಿಡಲಾಗಿತ್ತು. ಖಾಯಂ ವ್ಯಾಪಾರ ವಕೀಲರನ್ನು ಸಾಕುವ ಶಕ್ತಿ ಆ ಪುಟ್ಟ ದೇಶಕ್ಕೆಲ್ಲಿ? ಮೇಲ್ಮನವಿಯ ಹಂತದಲ್ಲಷ್ಟೇ ಅವರಿಗೆ ಬಾಗಿಲು ತೆರೆಯಿತು. ಬೆಳೆ ಇಲ್ಲದವರು ಕಕ್ಷಿದಾರರಾದ ಕಡೆ ಬೆಳೆಯೇ ಬದುಕಾದವರು ಮೂರನೆಯವರಾಗಿ ಕೂರಬೇಕಾಯಿತು. ನನಗೆ ತೀರ್ಪಿಗಿಂತಲೂ ಮುಖ್ಯವಾಗಿ ಕಾಣುವುದು ಇದು.

ಪ್ರತೀಕಾರದ ಲೆಕ್ಕವೂ ಹೀಗೆಯೇ. ತೀರ್ಪು ತನ್ನ ವಿರುದ್ಧ ಬಂದರೂ ಯುರೋಪು ವ್ಯವಸ್ಥೆಯನ್ನು ಸರಿಪಡಿಸಲಿಲ್ಲವೆಂದು 1999ರಲ್ಲಿ ಅಮೆರಿಕಕ್ಕೆ ವರ್ಷಕ್ಕೆ 19.14 ಕೋಟಿ ಡಾಲರ್ ಮೌಲ್ಯದ ಯುರೋಪಿನ ಸರಕಿನ ಮೇಲೆ ದಂಡಸುಂಕ ಹಾಕಲು ಅನುಮತಿ ಸಿಕ್ಕಿತು. ಬಾಳೆಗೆ ಸಂಬಂಧವೇ ಇಲ್ಲದ ಕೈಚೀಲ, ಹಾಸಿಗೆ ಬಟ್ಟೆಗಳಿಗೂ ಏಟು ಬಿತ್ತು. ಯಾರ ನಷ್ಟಕ್ಕೆ ಎಷ್ಟು ಬೆಲೆ ಎಂದು ಡಾಲರಿನಲ್ಲಿ ಅಳೆದ ಆ ಕಡತದಲ್ಲಿ ಗುಡ್ಡದ ರೈತನ ನಷ್ಟಕ್ಕೆ ಅಂಕಣವಿರಲಿಲ್ಲ.

ಎಲ್ಲ ಹೊಣೆಯನ್ನೂ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪಿನ ಮೇಲೆ ಹೊರಿಸುವುದು ಸರಿಯಲ್ಲ. ಒಂದುಗೂಡಿದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತಿತ್ತು. 1993ರ ಅಕ್ಟೋಬರಿನಲ್ಲಿ, ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಹೋಗುವ ಮೊದಲೇ, ಬೆಲೆಗಾಗಿ ಮುಷ್ಕರ ಹೂಡಿದ್ದ ಸೇಂಟ್ ಲೂಸಿಯಾದ ಇಬ್ಬರು ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಎಕ್ವಡಾರಿನಲ್ಲೂ ಸಣ್ಣ ಬೆಳೆಗಾರರಿದ್ದಾರೆ, ಅವರಿಗೂ ಮಾರುಕಟ್ಟೆ ಬೇಕು. ನನ್ನ ವಾದ ಕಾಲದ ಕುರಿತದ್ದು. ಸುಂಕವೊಂದೇ ಉಳಿದ ಹೊಸ ವ್ಯವಸ್ಥೆ ಜಾರಿಗೆ ಬಂದದ್ದು 2006ರ ಜನವರಿಯಲ್ಲಿ. ಆ ಹೊತ್ತಿಗೆ, 90ರ ದಶಕದ ಆರಂಭದಲ್ಲಿ ವಿಂಡ್‌ವರ್ಡ್ ದ್ವೀಪಗಳಲ್ಲಿ ಸುಮಾರು 25 ಸಾವಿರವಿದ್ದ ಬೆಳೆಗಾರರಲ್ಲಿ ಹೆಚ್ಚಿನವರು ತೋಟ ಬಿಟ್ಟಾಗಿತ್ತು. ನಾಳೆ ಹಡಗು ಬರುವುದೋ ಇಲ್ಲವೋ ಎಂಬ ಅನುಮಾನವಿರುವಾಗ ಗೊಬ್ಬರಕ್ಕೆ ಸಾಲ ಮಾಡುವ ಧೈರ್ಯ ಯಾರಿಗೆ ಬಂದೀತು? ಕಂಪನಿಗೆ ವ್ಯಾಜ್ಯ ಎಳೆದಷ್ಟೂ ತಡೆಯುವ ತ್ರಾಣವಿದೆ. ಐದು ಎಕರೆಯವನಿಗೆ ಒಂದು ಋತು ತಪ್ಪಿದರೆ ಮುಗಿಯಿತು.

2009ರ ಡಿಸೆಂಬರಿನಲ್ಲಿ ರಾಜಿಯಾಯಿತು. ಟನ್ನಿಗೆ 176 ಯುರೊ ಇದ್ದ ಸುಂಕವನ್ನು ಹಂತಹಂತವಾಗಿ 114ಕ್ಕೆ ಇಳಿಸಲು ಯುರೋಪು ಒಪ್ಪಿತು. ಹಳೆಯ ವಸಾಹತುಗಳ ಬಾಳೆ ವಲಯಕ್ಕೆ 19 ಕೋಟಿ ಯುರೊ ನೆರವೂ ನಿಗದಿಯಾಯಿತು. ಆ ಹಣ ಹೋಗಬೇಕಾದದ್ದು ಸರ್ಕಾರಗಳ ಮೂಲಕ, ಯೋಜನೆಗಳ ರೂಪದಲ್ಲಿ. ಹತ್ತು ವರ್ಷ ಮೊದಲೇ ಗೊನೆಗತ್ತಿ ಕೆಳಗಿಟ್ಟವನನ್ನು ಹುಡುಕಿಕೊಂಡು ಹೋಗುವ ದಾರಿ ಆ ಒಪ್ಪಂದದಲ್ಲಿರಲಿಲ್ಲ.