ಮುಯ್ಯಿ ಮತ್ತು ಮುಪ್ಪು

ಮುಪ್ಪಿನವರನ್ನು ಕೇಳುವವರಿಲ್ಲ ಎಂಬ ಮಾತು ಎದ್ದಾಗಲೆಲ್ಲ ನಮ್ಮ ಭಾಷಣಗಳಲ್ಲಿ, ಸಂಪಾದಕೀಯಗಳಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ಹಿಂದಿನ ಹಳ್ಳಿಗಳಲ್ಲಿ ಹಿರಿಯರೆಂದರೆ ಗೌರವವಿತ್ತು, ಅಕ್ಕಪಕ್ಕದವರು ಕಷ್ಟಕ್ಕೆ ಆಗುತ್ತಿದ್ದರು, ಈಗಿನವರಿಗೆ ಸಂಸ್ಕಾರವಿಲ್ಲ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಅಕ್ಕಪಕ್ಕದವರು ಆಗುತ್ತಿದ್ದುದು ನಿಜ. ಆದರೆ ಯಾಕೆ ಆಗುತ್ತಿದ್ದರು ಎಂದು ಕೇಳಿದರೆ ಸಂಸ್ಕಾರದ ಹೆಸರು ಹೇಳಿ ಸುಮ್ಮನಾಗುವಂತಿಲ್ಲ. ಹಳೆಯ ಮೈಸೂರು ಮತ್ತು ಮಲೆನಾಡಿನ ಊರುಗಳ ಬದುಕನ್ನು ಹತ್ತಿರದಿಂದ ನೋಡಿದರೆ ನೆರೆಯವರ ನೆರವು ಕೊಡುಕೊಳ್ಳುವ ಲೆಕ್ಕದ ಮೇಲೆ ನಡೆಯುತ್ತಿತ್ತು. ಆ ಲೆಕ್ಕದಲ್ಲಿ ಮುದುಕರು ಬಾಕಿ ಬರಬೇಕಾದವರಾಗಿದ್ದರು, ಹಾಗಾಗಿ ಅವರು ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ. ಮುಪ್ಪಿನ ಆಸರೆ ಕುಸಿದಿದ್ದರೆ ಅದಕ್ಕೆ ಮುಖ್ಯ ಕಾರಣ ಈ ಲೆಕ್ಕ ನಿಂತುಹೋದದ್ದು. ಗೌರವ ಕಡಿಮೆಯಾದದ್ದು ಅದರ ಹಿಂದೆ ಬಂದ ಪರಿಣಾಮ.

ಈ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುತ್ತಿದ್ದುದು ಗದ್ದೆಯಲ್ಲಿ. ಮಳೆ ಹಿಡಿದು ಗದ್ದೆ ಹದಕ್ಕೆ ಬಂದ ಮೇಲೆ ಸಸಿ ಬಲಿಯುವುದರೊಳಗೆ ನಾಟಿ ಮುಗಿಯಬೇಕು. ನಾಲ್ಕಾರು ಜನರಿರುವ ಒಂದು ಮನೆಯಿಂದ ಅದು ಆಗುವ ಕೆಲಸವಲ್ಲ. ಕೂಲಿ ಕೊಟ್ಟು ಮಾಡಿಸೋಣವೆಂದರೆ ಆಷಾಢದ ಹೊತ್ತಿಗೆ ಕಣಜ ಬರಿದಾಗುತ್ತಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಹಾಗಾಗಿ ಇವತ್ತು ಅವರ ಮನೆಯ ಹೆಂಗಸರು ನಮ್ಮ ಗದ್ದೆಗೆ ಬಂದರೆ ನಾಳೆ ನಮ್ಮವರು ಅವರ ಗದ್ದೆಗೆ ಹೋಗುವುದು, ಅದೇ ಮುಯ್ಯಾಳು. ಆಳಿಗೆ ಆಳು, ದಿನಕ್ಕೆ ದಿನ. ಎತ್ತಿನ ಜೊತೆ ಬಂದು ಉತ್ತುಕೊಟ್ಟರೆ ಅದಕ್ಕೆ ಒಂದಕ್ಕಿಂತ ಹೆಚ್ಚು ಆಳಿನ ಬೆಲೆ. ಗದ್ದೆಯ ಯಜಮಾನನ ಮನೆಯಲ್ಲಿ ಊಟ, ಎಲೆಅಡಿಕೆ. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ, ಆದರೂ ಯಾರೂ ಮರೆಯುತ್ತಿರಲಿಲ್ಲ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ‘ರಾಂಪುರ’ ಎಂದು ಹೆಸರಿಟ್ಟು ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸ್ ಅವರು 1976ರಲ್ಲಿ ಪ್ರಕಟಿಸಿದ ‘ದಿ ರಿಮೆಂಬರ್ಡ್ ವಿಲೇಜ್’ ಓದಿದವರಿಗೆ ಈ ಕೊಡುಕೊಳ್ಳುವಿಕೆ ಊರಿನ ಸಂಬಂಧಗಳನ್ನೆಲ್ಲ ಎಷ್ಟು ಆಳವಾಗಿ ಹಿಡಿದಿಟ್ಟಿತ್ತು ಎಂಬುದು ಗೊತ್ತಿದೆ. ಉಪಕಾರಕ್ಕೆ ಹೇಗೋ ಹಾಗೆ ಅವಮಾನಕ್ಕೂ ಅಲ್ಲಿ ಲೆಕ್ಕವಿತ್ತು.

ಈ ವ್ಯವಸ್ಥೆಯಲ್ಲಿ ಸಾಲ ಮನುಷ್ಯನದಲ್ಲ, ಮನೆಯದು. ಮುಪ್ಪಿನ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಸೊಸೆಗೆ ಜ್ವರ ಬಂದರೆ ಮಗಳು ಹೋಗಿ ಮುಯ್ಯಿ ತೀರಿಸಬಹುದು. ಅಪ್ಪ ದುಡಿದ ದಿನಗಳ ಬಾಕಿ ಮಗನ ಕಾಲಕ್ಕೆ ಬರಬಹುದು. ಮನೆಗೆ ಸಲ್ಲುವ ಋಣ ಎಂಬ ಈ ಕಲ್ಪನೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಊರಿಗಾಗಿ, ಒಡೆಯನಿಗಾಗಿ ಕಾದಾಡಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟದ್ದನ್ನು ಮಧ್ಯಕಾಲೀನ ಕರ್ನಾಟಕದ ಶಾಸನಗಳು ಹೇಳುತ್ತವೆ. ಸತ್ತವನಿಗೆ ಸಲ್ಲಬೇಕಾದದ್ದು ಉಳಿದವರ ಊಟವಾಯಿತು. ಮುಯ್ಯಾಳಿನಲ್ಲಿ ನಡೆದದ್ದೂ ಇದೇ ತತ್ವ, ಆದರೆ ಕಲ್ಲಿನ ಬದಲು ನೆನಪಿನ ಮೇಲೆ. ಮೂವತ್ತು ವರ್ಷ ಊರಿನವರ ಗದ್ದೆಗಳಲ್ಲಿ ಬಗ್ಗಿ ನೆಟ್ಟ ಹೆಂಗಸಿನ ಸೊಂಟ ಬಿದ್ದುಹೋದ ಮೇಲೆ ಅವಳ ಮನೆಯ ನಾಟಿ ನಿಲ್ಲುತ್ತಿರಲಿಲ್ಲ. ಬಂದವರು ತಮ್ಮ ಬಾಕಿ ತೀರಿಸಲು ಬಂದವರೇ ಹೊರತು ಕನಿಕರದಿಂದ ಬಂದವರಲ್ಲ.

ಸೊಂಟ ಬಿದ್ದವರ ಕೈಗೂ ಕೆಲಸವಿತ್ತು ಎಂಬುದನ್ನು ಇದರ ಜೊತೆಗೇ ಹೇಳಬೇಕು. ಮಲೆನಾಡಿನ ಅಡಿಕೆ ಸುಲಿತವನ್ನೇ ನೋಡಿ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಬೇಗ ಸುಲಿದು ಬೇಯಿಸಬೇಕು. ಮಣೆಗೆ ನಿಲ್ಲಿಸಿದ ಮೆಟ್ಟುಗತ್ತಿಯ ಮುಂದೆ ಕೂತು, ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವ ಈ ಕೆಲಸಕ್ಕೆ ಕಾಲಿನ ಕಸುವು ಬೇಡ, ಬೆರಳಿನ ಅಭ್ಯಾಸ ಸಾಕು. ಚಳಿಗಾಲದ ರಾತ್ರಿಗಳಲ್ಲಿ ಅಂಗಳದಲ್ಲಿ ಸುತ್ತ ಕೂತ ಅಕ್ಕಪಕ್ಕದ ಮನೆಯವರ ನಡುವೆ ಅರವತ್ತು ದಾಟಿದವರ ಕೈಗೆ ಹರೆಯದವರ ಕೈಯಷ್ಟೇ ಬೆಲೆ. ಹಪ್ಪಳ ಒತ್ತುವುದು, ಮದುವೆಮನೆಯ ತರಕಾರಿ ಹೆಚ್ಚುವುದು, ನಾಟಿಗೆ ಹೋದವರ ಕೂಸುಗಳನ್ನು ಆಡಿಸುವುದು, ಎಲ್ಲವೂ ಹೀಗೆ ಲೆಕ್ಕಕ್ಕೆ ಸೇರುತ್ತಿದ್ದವು. ಕೆಲವು ಕೆಲಸಗಳಲ್ಲಿ ವಯಸ್ಸೇ ಅರ್ಹತೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸುಮಾರು ಏಳು ದಶಕಗಳಲ್ಲಿ ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು 2018ರಲ್ಲಿ ಪದ್ಮಶ್ರೀ ಬಂದಾಗ ನಾಡಿಗೆಲ್ಲ ತಿಳಿಯಿತು. ಅದೇ ವರ್ಷದ ಕೊನೆಗೆ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹೆಸರು ಬಾರದ ಇಂಥವರು ಸೀಮೆಗೊಬ್ಬರಾದರೂ ಇದ್ದರು. ಹೆರಿಗೆ ಮಾಡಿಸಿದ ಮುದುಕಿಗೆ ಎಷ್ಟು ಮನೆಗಳು ಋಣಿಯಾಗಿದ್ದವೋ ಅಷ್ಟು ಮನೆಗಳ ಒಲೆ ಅವಳಿಗೂ ಉರಿಯುತ್ತಿತ್ತು.

ಮದುವೆಯ ಮುಯ್ಯಿಯಲ್ಲಿ ಈ ಲೆಕ್ಕ ಕಾಗದಕ್ಕೂ ಇಳಿಯಿತು. ಯಾರು ಎಷ್ಟು ರೂಪಾಯಿ ಓದಿಸಿದರು, ಯಾರು ಅಕ್ಕಿ ತಂದರು ಎಂದು ಚಪ್ಪರದಲ್ಲೇ ಒಬ್ಬ ಪುಸ್ತಕ ಹಿಡಿದು ಬರೆದುಕೊಳ್ಳುವುದು ಈಗಲೂ ಹಲವೆಡೆ ಇದೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಆ ಪುಸ್ತಕ ತೆಗೆದು ನೋಡಿ, ಬಂದದ್ದಕ್ಕಿಂತ ತುಸು ಹೆಚ್ಚು ಹಾಕಿ ಹಿಂದಿರುಗಿಸುವುದು ಪದ್ಧತಿ. ಆ ತುಸು ಹೆಚ್ಚಿನಲ್ಲೇ ಜಾಣತನವಿದೆ. ಸರಿಗೆ ಸರಿ ಕೊಟ್ಟರೆ ಲೆಕ್ಕ ಚುಕ್ತಾ ಆಗಿ ಸಂಬಂಧ ಮುಗಿಯುತ್ತದೆ. ಹೆಚ್ಚು ಕೊಟ್ಟರೆ ಈಗ ಅವರು ಬಾಕಿದಾರರು, ಸಂಬಂಧ ಮುಂದುವರಿಯುತ್ತದೆ. ಹೀಗೆ ಎಂದೂ ಚುಕ್ತಾ ಆಗದ ಲೆಕ್ಕವೇ ಹೆಚ್ಚು ಕಾಲ ಬದುಕಿದವರ ಬಂಡವಾಳ. ಸಾವಿನ ಮನೆಯಲ್ಲಿ ಒಲೆ ಹಚ್ಚದಿರುವಾಗ ನೆರೆಮನೆಯಿಂದ ಅಡುಗೆ ಬರುವುದು, ಚಟ್ಟಕ್ಕೆ ಹೆಗಲು ಕೊಡಲು ಜನ ತಾವಾಗಿ ಸೇರುವುದು ಇದೇ ಲೆಕ್ಕದ ಕೊನೆಯ ಸಾಲುಗಳು. ನಾಲ್ಕು ಜನ ಹೆಗಲು ಕೊಡಬೇಕಾದರೆ ನಾಲ್ಕು ಜನರಿಗೆ ಆಗಿರಬೇಕು ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಕಸುಬುದಾರರ ಮಟ್ಟಿಗೆ ಇದೇ ಕೆಲಸವನ್ನು ಆಯಗಾರಿಕೆ ಮಾಡುತ್ತಿತ್ತು. ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ, ಕ್ಷೌರಿಕ, ನೀರುಗಂಟಿ, ತಳವಾರ, ತೋಟಿ ಮೊದಲಾದವರಿಗೆ ಸುಗ್ಗಿಯ ಕಣದಲ್ಲಿ ರಾಶಿಯಿಂದ ಆಯ ಅಳೆದುಕೊಡುವುದನ್ನು 1810ರಲ್ಲಿ ಹೊರಬರಲು ಶುರುವಾದ ತನ್ನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸ್ ವರ್ಣಿಸಿದ್ದಾನೆ. ಇಲ್ಲೂ ಹಕ್ಕು ಮನೆಗೆ ಸೇರಿದ್ದು. ಕುಳ ಬಡಿಯುವ ಕೈ ಅಪ್ಪನದೋ ಮಗನದೋ ಎಂದು ರೈತ ಕೇಳುತ್ತಿರಲಿಲ್ಲ, ಆದ್ದರಿಂದ ಸುತ್ತಿಗೆ ಎತ್ತಲಾಗದ ಕಮ್ಮಾರನ ಪಾಲಿನ ರಾಗಿ ನಿಲ್ಲುತ್ತಿರಲಿಲ್ಲ. ಮಂಡ್ಯದ ಸುತ್ತ 1954ರಿಂದ 1956ರವರೆಗೆ ಅಧ್ಯಯನ ನಡೆಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಈ ಕೊಡುವಿಕೆಯ ಇನ್ನೊಂದು ಗುಣವನ್ನು ಗುರುತಿಸಿದರು. ಆಯದ ಪ್ರಮಾಣ ರೂಢಿಯಿಂದ ನಿಗದಿಯಾದದ್ದು; ಬೆಳೆ ಹುಲುಸಾದ ವರ್ಷ ಹೆಚ್ಚಿನದು ರೈತನಿಗೆ ಉಳಿಯುತ್ತಿತ್ತು, ಬೆಳೆ ಕೆಟ್ಟ ವರ್ಷದಲ್ಲೂ ಆಶ್ರಿತರ ಹೊಟ್ಟೆಪಾಡಿಗೆ ಕಡಿವಾಣ ಬೀಳುತ್ತಿರಲಿಲ್ಲ. ಒಳ್ಳೆಯ ವರ್ಷದ ಲಾಭವನ್ನು ಬಿಟ್ಟುಕೊಟ್ಟು ಕೆಟ್ಟ ವರ್ಷದ ಭದ್ರತೆಯನ್ನು ಪಡೆಯುವುದನ್ನೇ ಇಂದಿನ ಮಾತಿನಲ್ಲಿ ವಿಮೆ ಎನ್ನುತ್ತೇವೆ.

ಇಲ್ಲಿ ಮೊದಲ ಆಕ್ಷೇಪಣೆ ಏಳುತ್ತದೆ, ಏಳಲೇಬೇಕು. ಈ ವಿಮೆಯ ಕಂತು ಕಟ್ಟಿದವರು ಯಾರು? ಮುಯ್ಯಾಳು ಸರೀಕರ ನಡುವಿನ ವ್ಯವಹಾರ. ಗೌಡರ ಮನೆಯವರು ದಲಿತರ ಗದ್ದೆಗೆ ಮುಯ್ಯಿ ತೀರಿಸಲು ಹೋಗುತ್ತಿರಲಿಲ್ಲ, ಬಹುತೇಕ ದಲಿತರಿಗೆ ಗದ್ದೆಯೇ ಇರಲಿಲ್ಲ. ತಲೆಮಾರುಗಳಿಂದ ಒಂದೇ ಒಡೆಯನ ಮನೆಗೆ ಅಂಟಿಕೊಂಡ ‘ಹಳೇಮಗ’ನಿಗೆ ಸಿಕ್ಕ ಕಾಳು ಅವನು ಮಾಡಿದ ಕೆಲಸಕ್ಕೆ ಸಮವಾಗಿತ್ತೆಂದು ಯಾರೂ ವಾದಿಸಲಾರರು. ಜೀತದವನ ಮನೆಯಲ್ಲಿ ಮುಂದಿನ ತಲೆಮಾರಿಗೆ ಹೋದದ್ದು ಬಾಕಿಯಲ್ಲ, ಸಾಲ. ಜೀತ ಪದ್ಧತಿಯನ್ನು ಕಾನೂನು ಕೊನೆಗಾಣಿಸಿದ್ದು 1975-76ರಲ್ಲಿ. ಜೊತೆಗೆ, ಲೆಕ್ಕ ತಪ್ಪಿದವನಿಗೆ ಬಹಿಷ್ಕಾರದ ಭಯವಿತ್ತು; ಮಕ್ಕಳಿಲ್ಲದ ವಿಧವೆಯ ಹೆಸರಿನಲ್ಲಿ ಮುಯ್ಯಿ ತೀರಿಸಲು ಯಾರೂ ಇರಲಿಲ್ಲ. ಈ ಆಕ್ಷೇಪಣೆ ಪೂರ್ತಿ ಸರಿ. ಆದರೆ ಅದು ನನ್ನ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ಆಸರೆ ಬರೀ ಹಿರಿತನದ ಗೌರವದಿಂದ ಬರುತ್ತಿದ್ದರೆ ದಲಿತ ಕೇರಿಯ ಮುದುಕನಿಗೂ, ಮಕ್ಕಳಿಲ್ಲದ ಮುದುಕಿಗೂ ಅದು ಅಷ್ಟೇ ಸಿಗಬೇಕಿತ್ತು. ಸಿಗಲಿಲ್ಲ. ಯಾರ ಹೆಸರು ಲೆಕ್ಕದಲ್ಲಿತ್ತೋ ಅವರಿಗೆ ಮಾತ್ರ ಸಿಕ್ಕಿತು.

ಎರಡನೆಯ ಆಕ್ಷೇಪಣೆ ಸಂಖ್ಯೆಯದು. ಸ್ವಾತಂತ್ರ್ಯದ ಹೊತ್ತಿಗೆ ಈ ದೇಶದ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಮುಪ್ಪು ಕಂಡವರೇ ಕಡಿಮೆ, ಅವರನ್ನು ಸಾಕುವುದರಲ್ಲಿ ಏನು ಹೆಚ್ಚುಗಾರಿಕೆ? 2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ 60 ದಾಟಿದವರು ಶೇಕಡಾ 9.5ರಷ್ಟಿದ್ದರು, ಹಳೆಯ ಊರಿಗೆ ಇಷ್ಟು ಭಾರ ಬಿದ್ದಿದ್ದರೆ ಅದು ತಡೆದುಕೊಳ್ಳುತ್ತಿತ್ತೇ? ಇದಕ್ಕೆ ಇನ್ನೊಂದನ್ನೂ ಸೇರಿಸಬಹುದು. ನೆರೆಯ ವಿಮೆ ಒಂದೊಂದು ಮನೆಯ ಕಷ್ಟಕ್ಕೆ ಆಗುತ್ತಿತ್ತು, ಊರಿಗೆ ಊರೇ ಹಸಿದಾಗ ಆಗುತ್ತಿರಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1876-78ರ ಬರಗಾಲದ ನಂತರ, 1881ರಲ್ಲಿ, ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದಲ್ಲಿ ಎಷ್ಟು ಋಣಗಳು ತೀರದೆ ಸತ್ತವೋ! ಹಾಗಾಗಿ ಹಳೆಯ ವ್ಯವಸ್ಥೆಗೆ ಮರಳೋಣ ಎನ್ನುವುದು ನನ್ನ ಮಾತಲ್ಲ. ಸರಕಾರದ ಪಡಿತರ, ಪಿಂಚಣಿ, ಆಸ್ಪತ್ರೆ ಮಾಡುವ ಕೆಲಸವನ್ನು ಅದು ಎಂದೂ ಮಾಡಿರಲಿಲ್ಲ. ಅದು ಮಾಡಿದ್ದು ಸರಕಾರ ಮಾಡಲಾಗದ ಕೆಲಸ: ಹೊತ್ತಿಗೊಂದು ಕೈ, ದಿನಕ್ಕೊಂದು ವಿಚಾರಣೆ.

ಮೂರನೆಯ ಆಕ್ಷೇಪಣೆ ಭಾವನೆಯದು. ನೆರೆಹೊರೆಯ ಪ್ರೀತಿಯನ್ನು ಕಿರಾಣಿ ಅಂಗಡಿಯ ಖಾತೆಯಂತೆ ಕಾಣುವುದು ತಪ್ಪಲ್ಲವೇ? ಪ್ರೀತಿ ಇತ್ತು, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಲೆಕ್ಕ ಪ್ರೀತಿಯ ಶತ್ರು ಎಂಬುದು ತಲೆತಗ್ಗಿಸಿ ಏನನ್ನೂ ಪಡೆಯಬೇಕಾಗಿ ಬಾರದವರ ಅಭಿಪ್ರಾಯ. ದಾನ ಪಡೆದವನು ಕೊಟ್ಟವನ ಮುಲಾಜಿಗೆ ಬೀಳುತ್ತಾನೆ. ಬಾಕಿ ಪಡೆದವನಿಗೆ ಆ ಹಂಗಿಲ್ಲ. ಮುದುಕರು ನೆರೆಮನೆಯ ಜಗಲಿಯಲ್ಲಿ ಅಧಿಕಾರದಿಂದ ಕೂತು ಕಾಫಿ ಕೇಳಿ ಕುಡಿಯುತ್ತಿದ್ದುದು ಈ ಕಾರಣಕ್ಕೆ. ಅಲ್ಲಿ ಕಂಡ ಗೌರವ ಲೆಕ್ಕದಿಂದ ಹುಟ್ಟಿದ್ದು. ಲೆಕ್ಕ ನಿಂತ ಮೇಲೆ ಗೌರವ ಮಾತ್ರ ಉಳಿಯಲಿ ಎಂದು ಬಯಸಿದರೆ ಹೇಗೆ ಉಳಿದೀತು?

ಲೆಕ್ಕ ಹೇಗೆ ನಿಂತಿತು ಎಂಬುದಕ್ಕೂ ಎಪ್‌ಸ್ಟೈನ್ ಕಂಡ ಎರಡು ಊರುಗಳೇ ಸಾಕ್ಷಿ. ಅವರು ‘ವಂಗಲ’ ಎಂದು ಕರೆದ ಊರಿಗೆ ಕನ್ನಂಬಾಡಿಯ ಕಾಲುವೆ ನೀರು ಬಂತು. ಜನ ಕಬ್ಬು, ಭತ್ತ ಬೆಳೆದು ಊರಿನಲ್ಲೇ ಉಳಿದರು. ಹಣ ಹೆಚ್ಚಿದರೂ ಪರಂಪರೆಯ ಸಂಬಂಧಗಳು ಉಳಿದವು. ಕಾಲುವೆಗಿಂತ ಎತ್ತರದಲ್ಲಿದ್ದ ‘ದಲೇನ’ಕ್ಕೆ ನೀರು ಹತ್ತಲಿಲ್ಲ, ಅಲ್ಲಿನವರು ಮಂಡ್ಯದ ಕೆಲಸಗಳಿಗೆ, ವ್ಯಾಪಾರಕ್ಕೆ ಹೊರಟರು, ಹಳೆಯ ಸಂಬಂಧಗಳು ಕಡಿದುಹೋದವು. ಎರಡೂ ಊರುಗಳಿಗೆ ಇದ್ದದ್ದು ಒಂದೇ ಸೀಮೆಯ ಸಂಸ್ಕಾರ. ಬೇರೆಯಾದದ್ದು ದುಡಿಮೆಯ ದಾರಿ. ಮುಂದೆ ಇಡೀ ರಾಜ್ಯ ದಲೇನದ ದಾರಿ ಹಿಡಿಯಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂತು, 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ದಿನಗೂಲಿ ರೂಢಿಯಾಯಿತು, ಸುಲಿಯುವ ಯಂತ್ರ ಬಂತು, ಮಕ್ಕಳು ಬೆಂಗಳೂರಿಗೆ ಹೋದರು. ಕೂಲಿ ಆ ಸಂಜೆಯೇ ಚುಕ್ತಾ ಆಗುವ ಲೆಕ್ಕ. ಅದರಿಂದ ದುಡಿಯುವವನಿಗೆ ಸ್ವಾತಂತ್ರ್ಯ ಬಂತು, ಅದು ಸಣ್ಣ ಮಾತಲ್ಲ. ಆದರೆ ಹರೆಯದ ದುಡಿಮೆಯನ್ನು ಮುಪ್ಪಿಗೆ ಕೂಡಿಡುವ ಜಾಗ ಇಲ್ಲವಾಯಿತು.

2007ರಲ್ಲಿ ಹೆತ್ತವರ ಪೋಷಣೆಯ ಕಾನೂನು ಬಂತು, ಅದೇ ವರ್ಷ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯೂ ಬಂತು. ಎರಡೂ ಬೇಕು. ಆದರೆ ಎರಡೂ ವೃದ್ಧರನ್ನು ಪಡೆಯುವವರನ್ನಾಗಿಯೇ ಕಾಣುತ್ತವೆ. ಜಪಾನಿನ ಒಸಾಕಾದಲ್ಲಿ 1973ರಲ್ಲಿ ತೆರುಕೊ ಮಿಜುಷಿಮಾ ಎಂಬಾಕೆ ತೆರೆದ ದುಡಿಮೆಯ ಬ್ಯಾಂಕು ಬೇರೆ ದಾರಿ ತೋರಿಸಿತು: ನೆರೆಯವರಿಗೆ ಕೊಟ್ಟ ಗಂಟೆಗಳನ್ನು ಬರೆದಿಟ್ಟು, ಬೇಕಾದಾಗ, ಮುಪ್ಪಿನಲ್ಲಾದರೂ, ಅಷ್ಟೇ ಗಂಟೆಗಳ ನೆರವು ಪಡೆಯುವುದು. ಆಮೇಲೆ ಅದೇ ದೇಶದಲ್ಲಿ, ಒಂದೂರಿನಲ್ಲಿ ಗಳಿಸಿದ ಗಂಟೆಯನ್ನು ದೂರದೂರಿನ ಅಪ್ಪ ಅಮ್ಮನಿಗೆ ದಾಟಿಸುವ ಏರ್ಪಾಡೂ ಹುಟ್ಟಿತು. ಜಾತಿ, ಜಮೀನು, ಮಕ್ಕಳು ಯಾವುದೂ ಇಲ್ಲದವರೂ ಖಾತೆ ತೆರೆಯಬಹುದಾದ ಮುಯ್ಯಿ ಅದು. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿ, ನೆರೆಯವರ ನಂಬಿಕೆಯನ್ನು ಬರಹದ ಲೆಕ್ಕಕ್ಕೆ ತಂದ ನಾಡಿಗೆ, ಊರೂರಿನಲ್ಲಿ ಸ್ತ್ರೀಶಕ್ತಿ ಸಂಘಗಳಿರುವ ನಾಡಿಗೆ ಇದು ಆಗದ ಕೆಲಸವಲ್ಲ. ಸಂಘದ ಪುಸ್ತಕದಲ್ಲಿ ಈಗ ಉಳಿತಾಯ, ಸಾಲ, ಬಡ್ಡಿಗಳ ಕಾಲಂಗಳಿವೆ; ಅಂಗನವಾಡಿಯ ಮಗುವನ್ನು ಸಂಜೆಯವರೆಗೆ ನೋಡಿಕೊಂಡ ಅಜ್ಜಿಯ ಗಂಟೆಗಳಿಗೆ, ಅವಳನ್ನು ಆಸ್ಪತ್ರೆಗೆ ಕರೆದೊಯ್ದ ಹುಡುಗಿಯ ಗಂಟೆಗಳಿಗೆ ಇನ್ನೊಂದು ಕಾಲಂ ಬೇಕು. ಹಿರಿಯರನ್ನು ಗೌರವಿಸಿ ಎಂದು ಶಾಲೆಗಳಲ್ಲಿ ಹೇಳಿಕೊಡುವುದಕ್ಕಿಂತ ಆ ಕಾಲಂ ಹೆಚ್ಚು ಕೆಲಸ ಮಾಡುತ್ತದೆ. ಏಕೆಂದರೆ ಹಳೆಯ ಊರು ಗೌರವವನ್ನು ಬೋಧಿಸಿದ್ದಕ್ಕಿಂತ ಹೆಚ್ಚಾಗಿ, ಅದು ತಾನಾಗಿ ಸಲ್ಲುವಂತೆ ಕೆಲಸವನ್ನು ಹಂಚಿಟ್ಟಿತ್ತು.