ಮೂರು ಗೊತ್ತಿದ್ದರೆ ನಾಲ್ಕನೆಯದು

ಎಂಟು ಜನಕ್ಕೆ ಮೂರು ಪಾವು ಅಕ್ಕಿ ಬೇಕು, ಇಪ್ಪತ್ತು ಜನ ಬಂದರೆ ಎಷ್ಟು? ಯಾವ ಗೃಹಿಣಿಯೂ ಇದಕ್ಕೆ ಕಾಗದ ಪೆನ್ಸಿಲು ಹುಡುಕುವುದಿಲ್ಲ. ಏಳೂವರೆ ಪಾವು, ಕೈ ಸ್ವಲ್ಪ ಧಾರಾಳವಾದರೆ ಎರಡು ಸೇರು. (ಉಪ್ಪಿಗೆ ಮಾತ್ರ ಈ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬಾರದು.) ಆಕೆಯ ಮಗಳೋ, ಬ್ಯಾಂಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ 'ಅನುಪಾತ' ಎಂಬ ಮಾತು ಕಂಡೊಡನೆ ಬೆವರುತ್ತಾಳೆ. ಅಮ್ಮ ಮಾಡುವುದೂ ಇದನ್ನೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಹಳಬರು ಇದನ್ನು ತ್ರೈರಾಶಿಕ ಎಂದು ಕರೆದರು. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯದಲ್ಲೇ ಈ ಸೂತ್ರವಿದೆ. ಎಂಟು ಜನ ಎಂಬುದು ಪ್ರಮಾಣ, ಮೂರು ಪಾವು ಫಲ, ಇಪ್ಪತ್ತು ಜನ ಇಚ್ಛೆ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ಕೇಳುವ ಸಂಖ್ಯೆಗೆ 'ಇಚ್ಛೆ' ಎಂದು ಹೆಸರಿಟ್ಟವರ ಮನಸ್ಸು ನನಗೆ ಬಹಳ ಇಷ್ಟ. ನಮ್ಮ ಪುಸ್ತಕಗಳ 'ಎಕ್ಸ್' ಅದರ ಮುಂದೆ ಸಪ್ಪೆ.

ನಮ್ಮ ನಾಡಿಗೂ ಈ ಲೆಕ್ಕಕ್ಕೂ ಹಳೆಯ ನಂಟು. ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೇ ಒಂದು ಅಧ್ಯಾಯವಿದೆ. 12ನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಮುಂದೆ ಯುರೋಪಿನ ವರ್ತಕರು ಇದೇ ಲೆಕ್ಕವನ್ನು 'ಬಂಗಾರದ ಸೂತ್ರ' ಎಂದು ಕೊಂಡಾಡಿದರು.

ಎಲ್ಲರಿಗಿಂತ ಹೆಸರಾದದ್ದು 1150ರಲ್ಲಿ ಭಾಸ್ಕರಾಚಾರ್ಯ ಬರೆದ ಲೀಲಾವತಿ. ಮದುವೆಯ ಮುಹೂರ್ತ ತಪ್ಪಿದ ಮಗಳನ್ನು ಸಮಾಧಾನಪಡಿಸಲು ತಂದೆ ಬರೆದದ್ದೆಂಬ ಕಥೆಯನ್ನು ನೀವೂ ಕೇಳಿರಬಹುದು. ಆ ಕಥೆ ಮೂಲಗ್ರಂಥದಲ್ಲಿಲ್ಲ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪರ್ಷಿಯನ್ ಅನುವಾದದಿಂದ ಹರಡಿತು. ಆದರೆ ಗ್ರಂಥದಲ್ಲಿ 'ಬಾಲೆ', 'ಹರಿಣಾಕ್ಷಿ' ಎಂದು ಒಬ್ಬ ಹುಡುಗಿಯನ್ನು ಕರೆದು ಲೆಕ್ಕ ಕೇಳುವುದು ನಿಜ. ಕೇಸರಿಯ ಬೆಲೆ ಕೇಳುತ್ತಾನೆ, ಕರ್ಪೂರದ ಬೆಲೆ ಕೇಳುತ್ತಾನೆ. ಓದುವುದಕ್ಕೆ ಹಿತವಾಗಿದೆ.

ಆಮೇಲೆ ವ್ಯಸ್ತ ತ್ರೈರಾಶಿಕ ಬರುತ್ತದೆ. ಒಂದು ಹೆಚ್ಚಿದರೆ ಇನ್ನೊಂದು ಇಳಿಯುವ ಲೆಕ್ಕ. ಚಿನ್ನದ ಬಣ್ಣ ಇಳಿದಂತೆ ಅದೇ ಹಣಕ್ಕೆ ತೂಕ ಹೆಚ್ಚು ಸಿಗುತ್ತದೆ, ಅದು ನಮಗೆ ಅರ್ಥವಾಗುವ ಮಾತು. ಇನ್ನೊಂದು, ಜೀವಿಗಳ ವಯಸ್ಸು ಮತ್ತು ಬೆಲೆ. ಅದಕ್ಕೆ ಕೊಟ್ಟ ಉದಾಹರಣೆ ಹೀಗಿದೆ: ಹದಿನಾರು ವರ್ಷದ ಹೆಣ್ಣಿಗೆ 32 ನಿಷ್ಕವಾದರೆ ಇಪ್ಪತ್ತು ವರ್ಷದವಳಿಗೆ ಎಷ್ಟು? ಅದರ ಜೊತೆಯಲ್ಲೇ, ಎರಡು ವರ್ಷ ದುಡಿದ ಎತ್ತಿಗೆ ನಾಲ್ಕು ನಿಷ್ಕವಾದರೆ ಆರು ವರ್ಷ ದುಡಿದದ್ದಕ್ಕೆ ಎಷ್ಟು? ಎತ್ತಿನ ಬೆಲೆ ಒಂದೂ ಮೂರನೆಯ ಒಂದು ನಿಷ್ಕ. ಹೆಣ್ಣಿನದು ಇಪ್ಪತ್ತೈದು ನಿಷ್ಕ, ಮೇಲೆ ಐದರಲ್ಲಿ ಮೂರು ಭಾಗ.

ಭಾಸ್ಕರನನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ದಾಸಿಯರನ್ನು ಕೊಳ್ಳುತ್ತಿದ್ದ, ಮಾರುತ್ತಿದ್ದ ಕಾಲ ಅದು. ಪೇಟೆಯಲ್ಲಿ ಇದ್ದದ್ದು ಪುಸ್ತಕಕ್ಕೆ ಬಂತು. ಆದರೂ 'ಹರಿಣಾಕ್ಷಿ' ಎಂದು ಕರೆಸಿಕೊಂಡು ಓದುತ್ತಿದ್ದ ಹುಡುಗಿ ಈ ಪುಟಕ್ಕೆ ಬಂದಾಗ ಏನೆಂದುಕೊಂಡಳೋ!

ಈ ಲೆಕ್ಕವನ್ನು ಹತ್ತನೆಯ ತರಗತಿಯ ಹುಡುಗಿಯರಿಂದ ಬಿಡದೆ ಮಾಡಿಸುತ್ತೇನೆ. ಮುಚ್ಚಿಡಬೇಕೆಂದು ಒಬ್ಬ ಸಹೋದ್ಯೋಗಿ ಹೇಳಿದ್ದುಂಟು, ನಾನು ಒಪ್ಪಲಿಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಮೇಡಂ, ಐವತ್ತಾರಕ್ಕೆ ಒಂಬತ್ತೂ ಏಳನೆಯ ಒಂದು ನಿಷ್ಕ ಬಂತು" ಎಂದಳು. ಅದು ನನ್ನ ವಯಸ್ಸು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಇನ್ನೊಬ್ಬಳು ಎದ್ದು, "ಅದು ಹೇಗೆ ಮೇಡಂ, ವಯಸ್ಸಿಗೆ ತಕ್ಕ ಹಾಗೆ ಬೆಲೆ ಇಳಿಯುತ್ತದೆ ಅಂತ ಯಾರು ಹೇಳಿದರು?" ಎಂದು ಕೇಳಿದಳು.

ಪರೀಕ್ಷೆಯ ಹಾಲಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ಹನ್ನೆರಡು ಜನ ಹದಿನೈದು ದಿನದಲ್ಲಿ ಮುಗಿಸುವ ಕೆಲಸಕ್ಕೆ ಇಪ್ಪತ್ತು ಜನ ಸೇರಿದರೆ ಎಷ್ಟು ದಿನ? ಸೂತ್ರವನ್ನಷ್ಟೇ ಉರು ಹೊಡೆದವಳು 25 ಎನ್ನುತ್ತಾಳೆ. ಜನ ಹೆಚ್ಚಿದರೆ ದಿನ ಹೆಚ್ಚುತ್ತದೆಯೇ ಎಂದು ಒಂದು ಗಳಿಗೆ ಯೋಚಿಸಿದವಳು ಹನ್ನೆರಡನ್ನು ಹದಿನೈದರಿಂದ ಗುಣಿಸಿ, ಇಪ್ಪತ್ತರಿಂದ ಭಾಗಿಸಿ, 9 ಎಂದು ಗುರುತು ಹಾಕುತ್ತಾಳೆ. ಕೊಟ್ಟ ನಾಲ್ಕು ಉತ್ತರಗಳಲ್ಲಿ 25 ಕೂಡ ಸಾಮಾನ್ಯವಾಗಿ ಇದ್ದೇ ಇರುತ್ತದೆ.